ಕಂಪ್ಲೀಟ್ಲಿ ಬಾಯಿ ಮುಚ್ಚಿದ ಅಕ್ಕೋರು

ಇಂಗ್ಲಿಷ್ ಮಾತಾಡಲು ಕಲಿಸುವ ಕೆಲಸಕ್ಕೆ ಕೈ ಹಾಕಿದ ಮೇಲೆ ನಗು ಹುಡುಕಿಕೊಂಡು ಹೋಗುವ ಪ್ರಸಂಗ ನನಗೆ ಬಂದಿಲ್ಲ. ಅದು ಸಂಜೆಯಾದರೆ ತಾನೇ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತದೆ.

ದಾಂಡೇಲಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನನ್ನ ಕ್ಲಾಸು. ಕೆಳಗೆ ಗಿರಣಿ ಗರಗರ ಅನ್ನುತ್ತಿರುತ್ತದೆ, ಮೇಲೆ ನಾನು. ಯಾರ ದನಿ ದೊಡ್ಡದು ಅಂತ ವರ್ಷಗಟ್ಟಲೆ ನಮ್ಮಿಬ್ಬರಿಗೂ ಪೈಪೋಟಿ. ವಾರದಲ್ಲಿ ಒಂದೊಂದು ದಿನ ಬಸ್ ಹಿಡಿದು ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಗೂ ಹೋಗಿ ಕಲಿಸಿ ಬರುತ್ತೇನೆ. ಈ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಎಲ್ಲರಿಗೂ ನಾನು ಅಕ್ಕೋರು. ನನ್ನ ಯಜಮಾನರು ಪೇಪರ್ ಮಿಲ್ಲಿನವರು. ಧಾರವಾಡದ ಹತ್ತಿರದಿಂದ ಬಂದು ಇಲ್ಲೇ ನೆಲೆ ನಿಂತ ಸಂಸಾರ ನಮ್ಮದು. ಮನೆಯಲ್ಲಿ ಮಾತಾಡುವುದು ನನ್ನ ಖಾತೆ, ಹೂಂ ಅನ್ನುವುದು ಅವರದು. ಮದುವೆಯಾದಾಗಿನಿಂದ ಖಾತೆ ಬದಲಾಗಿರಲಿಲ್ಲ.

ನನ್ನ ಪಾಠಗಳಲ್ಲಿ ನಮ್ಮ ಮಂದಿಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಪೂರಾ’ ಅನ್ನುವ ಅರ್ಥದ ಪದಗಳ ಪಾಠ. ಫುಲ್ಲಿ, ಟೋಟಲಿ, ಥರೋಲಿ, ಆಬ್ಸೊಲ್ಯೂಟ್ಲಿ, ಕಂಪ್ಲೀಟ್ಲಿ. ಹಿಡಿಸದೆ ಏನು? ಈ ಸೀಮೆಯವರಿಗೆ ಅರ್ಧಂಬರ್ಧ ಅನ್ನುವುದೇ ಒಗ್ಗುವುದಿಲ್ಲ. ಪ್ರೀತಿ ಪೂರಾ, ಜಗಳ ಪೂರಾ, ಚಹಾದಲ್ಲಿ ಸಕ್ಕರೆಯೂ ಪೂರಾ. ಈ ಪದಗಳೆಲ್ಲ ಒಂದೇ ಮನೆಯ ಸೊಸೆಯರಿದ್ದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದೆ ಅಂತ ಹೇಳಿಕೊಡುತ್ತಿದ್ದೆ. ಗಾಡಿ ತುಂಬಿದರೆ ಫುಲ್ಲಿ, ಮಾತು ಒಪ್ಪಿದರೆ ಟೋಟಲಿ, ತೊಳೆದರೆ, ಹುಡುಕಿದರೆ, ವಿಚಾರಿಸಿದರೆ ಥರೋಲಿ, ಖಂಡಿತ ಅನ್ನಬೇಕಾದರೆ ಆಬ್ಸೊಲ್ಯೂಟ್ಲಿ, ಕಾಯಿಲೆ ಗುಣವಾದರೆ ಕಂಪ್ಲೀಟ್ಲಿ. ಕಲಿತರು. ಕಲಿತದ್ದನ್ನು ಮನೆಗೆ ಒಯ್ದು ತಮ್ಮ ಪದ್ಧತಿಗೆ ಹೊಂದಿಸಿಕೊಂಡರು.

ಹೋದ ವರ್ಷ ನನ್ನ ದನಿ ಹೋಯಿತು. ಮಾತಾಡಲು ಕಲಿಸುವವಳ ಬಾಯಲ್ಲಿ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ತಿರುಗಿ ಬರುತ್ತದೋ ಇಲ್ಲವೋ ಎಂದು ಬಾಯಿ ಮುಚ್ಚಿ ಕೂತ ಆ ದಿನಗಳಲ್ಲಿ ನನಗೆ ಜೊತೆಯಾಗಿದ್ದವು ಮುಂದೆ ಹೇಳುವ ಈ ಪ್ರಸಂಗಗಳೇ. ಇವುಗಳಲ್ಲಿ ಬರುವ ಮಂದಿಯ ಋಣ ನನ್ನ ಮೇಲೆ ಬಹಳ ಇದೆ. ಅದು ಆಮೇಲೆ, ಮೊದಲು ಅವರನ್ನು ನೋಡಿ ಸ್ವಲ್ಪ ನಕ್ಕುಬಿಡಿ.

ಗಾಡಿ ತುಂಬುವುದು

ನನ್ನ ಕ್ಲಾಸಿನ ಮೊದಲ ಬೆಂಚಿನವನು ಮೂರು ಗಾಲಿಯ ಟಂಟಂ ಆಟೋ ಓಡಿಸುವ ಒಬ್ಬ ಡ್ರೈವರ್. ಬೆಳಗಾವಿ ಕಡೆಯ ಹುಡುಗ, ಬಾಯಿ ಜೋರು, ಮನಸ್ಸು ಅದಕ್ಕಿಂತ ದೊಡ್ಡದು. ನದಿ ನೋಡಲು ಬರುವ ಪ್ರವಾಸಿಗರ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು ಅನ್ನುವುದು ಅವನ ಹಟ.

ಒಂದು ದಿನ ಬಸ್ ಸ್ಟ್ಯಾಂಡಿನಿಂದ ಅವನ ಟಂಟಂ ಹತ್ತಿದೆ. ಬೆನ್ನಿಗೆ ದೊಡ್ಡ ಚೀಲ ಹಾಕಿದ ಗಂಡ ಹೆಂಡತಿ ಆಗಲೇ ಒಳಗೆ ಕೂತಿದ್ದರು. ಗಂಡ ಇಂಗ್ಲಿಷಿನಲ್ಲಿ ‘ಹೋಗೋಣವೇ?’ ಅಂದ.

“ನಾಟ್ ಫುಲ್ಲಿ ಸಾರ್, ಟು ಮಿನಿಟ್.”

ಮಿಲ್ಲಿನಿಂದ ಪಾಳಿ ಮುಗಿಸಿ ಬಂದವರೊಬ್ಬರು ಹತ್ತಿದರು. ಸಂತೆ ಮುಗಿಸಿದ ಇಬ್ಬರು ಹೆಂಗಸರು ಹತ್ತಿದರು. ಅವರ ತರಕಾರಿ ಚೀಲ ಆ ಪ್ರವಾಸಿಯ ತೊಡೆ ಹತ್ತಿತು. ಪ್ರವಾಸಿ ಸೊಪ್ಪಿನ ಕಟ್ಟಿನ ಸಂದಿಯಿಂದ ಮುಖ ಹೊರಗೆ ಹಾಕಿ, ‘ಈಗ ತುಂಬಿತಲ್ಲ?’ ಅಂದ.

“ನಾಟ್ ಫುಲ್ಲಿ ಸಾರ್.”

“ಏನಪಾ, ಇನ್ನೆಲ್ಲಿ ಕುಂದ್ರಸ್ತಿ? ನಮ್ಮ ತಲಿ ಮ್ಯಾಲೇನು?” ಅಂತ ನಾನು ಇಂಜಿನ್ನಿನ ಸದ್ದಿಗಿಂತ ಮೇಲಾಗಿ ಕೂಗಿದೆ. ಆ ಕೂಗಿಗೇ ನನ್ನ ಗಂಟಲು ಮೊದಲ ಸಲ ಚುರ್ ಅಂದದ್ದು.

ಅವನು ತಿರುಗಿ ನೋಡಿದ. ನನಗಲ್ಲ, ಪ್ರವಾಸಿಗೆ ಬಹಳ ವಿನಯದಿಂದ ಕಾರಣ ಹೇಳಿದ. “ಸಾರ್, ಐ ಆಮ್ ಸ್ಟಿಲ್ ಸಿಟ್ಟಿಂಗ್ ಕಂಫರ್ಟೇಬಲ್.”

ನಮ್ಮ ಕಡೆ ಟಂಟಂ ತುಂಬಿದ್ದಕ್ಕೆ ಗುರುತು ಅದೇ. ಸೀಟು ನೋಡಬಾರದು, ಡ್ರೈವರನ್ನು ನೋಡಬೇಕು. ಆಮೇಲೆ ಅವನ ಎಡಕ್ಕೊಬ್ಬರು, ಬಲಕ್ಕೊಬ್ಬರು ಬಂದು ಕೂತರು. ಅವನ ಒಂದು ಕಾಲು ಗಾಡಿಯ ಹೊರಗೆ ಬಂತು, ಹ್ಯಾಂಡಲ್ ಹಿಡಿಯಲು ಒಂದೇ ಕೈ ಉಳಿಯಿತು. ಆಗ ಹೊರಟ. ದಾರಿಯಲ್ಲಿ ಕೈ ಮಾಡಿದ ಮುದುಕಪ್ಪನಿಗೆ ಗಾಡಿ ನಿಲ್ಲಿಸಿ, “ಜಾಗಾ ಇಲ್ರೀ ಅಜ್ಜಾರ, ಫುಲ್ಲಿ ಆಗೇತಿ” ಅಂದ. ಆದರೆ ಮುದುಕಪ್ಪನನ್ನು ಬಿಸಿಲಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ತಾನು ಇಳಿದು, ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ ಹ್ಯಾಂಡಲ್ ಕೊಟ್ಟು, ಹಿಂದಿನ ಬಂಪರಿನ ಮೇಲೆ ನಿಂತುಕೊಂಡು ಬಂದ. ತನ್ನದೇ ಟಂಟಂನಲ್ಲಿ ಡ್ರೈವರನಿಗೆ ಜಾಗ ಸಿಗದಿದ್ದುದನ್ನು ನಾನು ಅವತ್ತೇ ನೋಡಿದ್ದು.

ಬೇಡ ಅನ್ನುವುದು

ಜೋಯಿಡಾ ಕಡೆ ಕುಂಬಾರವಾಡದ ಹತ್ತಿರ ಮನೆಯಲ್ಲೇ ಪ್ರವಾಸಿಗರನ್ನು ಇರಿಸಿಕೊಂಡು ಊಟ ಹಾಕುವ ಒಬ್ಬ ಹೆಂಗಸು ನನ್ನ ವಿದ್ಯಾರ್ಥಿನಿ. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ, ಅತಿಥಿಗಳ ಜೊತೆ ಈಗ ಇಂಗ್ಲಿಷ್. ನಾನು ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ. ಆ ಊರಿಗೆ ಬಸ್ಸು ಅಪರೂಪ. ಪಾಠ ಮುಗಿದರೂ ಬಸ್ಸು ಬರುವ ತನಕ ಅವರ ಪಡಸಾಲೆಯೇ ನನಗೆ ಗತಿ, ಅವರ ಊಟವೇ ನನಗೆ ಊಟ.

ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ದೊಡ್ಡ ಊರಿನಿಂದ ಬಂದ ಒಬ್ಬ ಸಾಹೇಬರು ಊಟಕ್ಕೆ ಕೂತಿದ್ದರು. ಗೆಡ್ಡೆಯ ಪಲ್ಯ, ಅಕ್ಕಿ ಭಾಕ್ರಿ, ಅನ್ನ, ಕೋಕಂ ಕಢಿ. ಸಾಹೇಬರು ಉಂಡರು, ಮೆಚ್ಚಿದರು, ತಟ್ಟೆಯ ಮೇಲೆ ಒಂದು ಕೈ ಅಡ್ಡ ಹಿಡಿದು, “ನೋ ನೋ, ಐ ಆಮ್ ಟೋಟಲಿ ಫುಲ್” ಅಂದರು. ವೈನಿ “ಯೆಸ್ ಸರ್” ಅಂದು, ಕೈ ಪಕ್ಕದಲ್ಲಿ ಜಾಗ ನೋಡಿ ಅನ್ನ ಬಡಿಸಿದರು.

ಅವರು ಅದನ್ನೂ ಉಂಡರು. ಈ ಸಲ ಎರಡೂ ಕೈ ಅಡ್ಡ ಹಿಡಿದು, “ಟೋಟಲಿ! ಟೋಟಲಿ!” ಅಂದರು. ಬೆರಳಿನ ಸಂದಿಯಿಂದ ಪಲ್ಯ ಇಳಿಯಿತು.

ನಾನು ತಡೆಯದೆ ಹೇಳಿದೆ, “ವೈನಿ, ಟೋಟಲಿ ಅಂದ್ರ ಪೂರಾ ಅಂತ ಅಲ್ರೀ? ಮೊನ್ನೆ ತಾನ ಕಲ್ಸೇನಲ್ಲ?”

“ಗೊತ್ತುಂಟ್ರಿ ಅಕ್ಕೋರ,” ಅಂದರು ವೈನಿ ಶಾಂತವಾಗಿ. “ಹೊಟ್ಟಿ ತುಂಬಿದ್ದು ಅವರ ಮಾತು. ಮನಸ್ ತುಂಬಬೇಕಲ್ಲ ನಂದು. ಒಂದು ಕೈ ಇಟ್ರ ಅದು ನಾಚಿಕಿ. ಎರಡು ಕೈ ಇಟ್ರ ಮರ್ಯಾದಿ. ಎದ್ದು ಓಡಿ ಹೋದ್ರ ಮಾತ್ರ ಬ್ಯಾಡ ಅಂತ.”

ಸಾಹೇಬರಿಗೆ ಕನ್ನಡ ಬರುತ್ತಿತ್ತೋ ಏನೋ. ಆ ಮಾತು ಮುಗಿಯುವುದರೊಳಗೆ ಎದ್ದು ಅಂಗಳಕ್ಕೆ ಓಡಿದರು. ವೈನಿ ಪಾತ್ರೆ ಮುಚ್ಚಿ, ಅದೇ ಸೌಟು ಹಿಡಿದು ನನ್ನ ಕಡೆ ತಿರುಗಿದರು. ನನ್ನ ದನಿ ಒಡೆದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ಗಂಟಲಿಗೆ ಒಳ್ಳೆಯದು ಅಂತ ಲೋಟ ಲೋಟ ಕಢಿ ಕುಡಿಸಿದರು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದರೆ, ನನ್ನ ಭುಜ ಹಿಡಿದು ಕೂರಿಸಿ ಅಂದರು: “ನೀವು ಓಡಿದ್ರೂ ನಾ ಬ್ಯಾಡ ಅಂತ ತಿಳಿಯೂದಿಲ್ಲ. ನೀವು ಮನಿಯವರು.”

ಹಳಿಯಾಳದ ಗೋಡೆ

ಹಳಿಯಾಳದ ಕ್ಲಾಸಿಗೆ ಒಬ್ಬ ಕಿರಾಣಿ ಅಂಗಡಿಯ ಮಾಲೀಕರು ಬರುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದರು. ಬೆಳಗಾವಿ ಕಡೆಯ ಒಂದು ಮನೆಯವರು ಒಪ್ಪಿದ ಹಾಗಿತ್ತು. ಆದರೆ ಗಂಡಿನ ತಂದೆ ಸ್ವಲ್ಪ ಓದಿಕೊಂಡವರು. ಫೋನಿನಲ್ಲಿ, “ನಾವೊಮ್ಮೆ ಬಂದು ಥರೋಲಿ ವಿಚಾರಿಸ್ತೀವ್ರಿ” ಅಂದರಂತೆ.

ಮಾಲೀಕರು ಬೆವರಿಕೊಂಡು ನನ್ನ ಹತ್ತಿರ ಬಂದರು. “ಅಕ್ಕೋರ, ಥರೋಲಿ ಅಂದ್ರ ಎಷ್ಟ ಮನಿ ತನಕಾ ಆಗ್ತೈತ್ರಿ?”

“ಓಣಿ ಪೂರಾ ಅಂತ ತಿಳೀರಿ,” ಅಂದೆ.

ಓಣಿ ಪೂರಾ ಅವರು ತಯಾರಿ ಮಾಡಿದರು. ಎಡಗಡೆಯ ಮನೆ, ಬಲಗಡೆಯ ಮನೆ, ಗುಡಿಯ ಅಯ್ಯನವರು, ಹಾಲು ಕೊಡುವವರು, ಎಲ್ಲರಿಗೂ ಹೇಳಿಟ್ಟರು. ಹಿಂದಿನ ಮನೆಯವರೊಬ್ಬರನ್ನು ಬಿಟ್ಟು. ಅವರ ಜೊತೆ ಹಿತ್ತಲ ಗೋಡೆಯ ಜಗಳ. ಗೋಡೆ ನಾಲ್ಕು ಬೆರಳು ಆ ಕಡೆಗೆ ಹೋಗಿದೆ ಅಂತ ಅವರು, ಈ ಕಡೆಗೆ ಬಂದಿದೆ ಅಂತ ಇವರು. ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಬೀಗರು ಬಂದರು, ವಿಚಾರಿಸಿದರು. ಓಣಿಗೆ ಓಣಿಯೇ, “ಹುಡುಗಿ ಬಂಗಾರ, ಅಪ್ಪ ಬಂಗಾರ, ಮನೆತನ ಬಂಗಾರ” ಅಂತ ಒಂದೇ ಬಾಯಲ್ಲಿ ಹಾಡಿತು. ಗಂಡಿನ ತಂದೆಯ ಹುಬ್ಬು ಮೇಲೆ ಹೋಯಿತು. “ಎಲ್ಲಾರೂ ಬಂಗಾರ ಅಂತಾರಂದ್ರ ಇಲ್ಲೇನೋ ಕಥಿ ಐತಿ. ಒಬ್ಬರಾದ್ರೂ ಬೈಬೇಕಲ್ರೀ” ಅಂತ ಹೊರಟೇ ಬಿಟ್ಟರು. ಹುಡುಗಿ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡು ಅವಳ ಮನಸ್ಸಿಗೆ ಬಂದಿದ್ದ.

ಆಗ ಹಿಂದಿನ ಮನೆಯವರು ಯಾರೂ ಕರೆಯದೆ ಹಿತ್ತಲ ಬಾಗಿಲಿಂದ ಬಂದು ನಿಂತರು. “ಬೈಯವ್ರು ಬೇಕೇನ್ರಿ ನಿಮಗ? ನಾ ಅದೇನಿ. ಈ ಮನಶ್ಯಾ ಹಟಮಾರಿ. ಮಾತ ಕೇಳೂದಿಲ್ಲ. ಗ್ವಾಡಿ ಸರಿಸೂದಿಲ್ಲ. ಆದ್ರ ಆ ಹುಡುಗಿ ನನ್ನ ಕಂಡ್ರ ಇವತ್ತಿಗೂ ಕಾಕಾ ಅಂತೈತಿ. ನಮ್ಮನ್ಯಾಗ ಜಡ್ಡಾದಾಗ ಅಪ್ಪನ ಕಣ್ಣ ತಪ್ಪಿಸಿ ಗ್ವಾಡಿ ಮ್ಯಾಲಿಂದ ಗಂಜಿ ಕೊಟ್ಟೈತಿ. ಅಂಥಾ ಹುಡುಗಿ ಬ್ಯಾಡಂದ್ರ ನಿಮ್ಮ ನಸೀಬ ಸುಮಾರ.”

ಗಂಡಿನ ತಂದೆ ಚಪ್ಪಲಿ ಬಿಟ್ಟು ತಿರುಗಿ ಒಳಗೆ ಬಂದು ಕೂತರು. “ಈಗ ಥರೋಲಿ ಆತು ನೋಡ್ರಿ” ಅಂದರು.

ಮದುವೆಗೆ ನಾನೂ ಹೋಗಿದ್ದೆ. ಊಟದ ಮೊದಲ ಸಾಲಿನಲ್ಲಿ ಮೊದಲ ಎಲೆ ಹಿಂದಿನ ಮನೆಯವರಿಗೇ. ಮಾಲೀಕರು ತಾವೇ ನಿಂತು ಅವರಿಗೆ ತುಪ್ಪ ಬಡಿಸಿದರು. ಗೋಡೆ ಏನಾಯಿತು ಅಂತ ನಾನು ಒಡೆದ ದನಿಯಲ್ಲಿ ಮೆಲ್ಲಗೆ ಕೇಳಿದರೆ, ತುಪ್ಪದ ತಂಬಿಗೆ ಹಿಡಿದುಕೊಂಡೇ ಅಂದರು: “ಅದು ಹಂಗ ನಡದೈತ್ರಿ ಅಕ್ಕೋರ. ಉಪಕಾರ ಬ್ಯಾರೆ, ಗ್ವಾಡಿ ಬ್ಯಾರೆ.”

ಬಾರದ ಹಕ್ಕಿ

ಮುಂಡಗೋಡದ ಕ್ಲಾಸಿಗೆ ಅತ್ತಿವೇರಿ ಕಡೆಯ ಒಬ್ಬ ರೈತ ಬರುತ್ತಾನೆ. ಕೆರೆಯ ಹಕ್ಕಿ ನೋಡಲು ಬಂದವರಿಗೆ ದಾರಿ ತೋರಿಸುತ್ತಾನೆ. ಅವನಿಗೆ ಮನೆಗೆ ಬಂದವರ ಮುಖ ನೋಡಿ ಇಲ್ಲ ಅನ್ನಲು ಬರುವುದಿಲ್ಲ. ನಾನು ಆಬ್ಸೊಲ್ಯೂಟ್ಲಿ ಕಲಿಸಿದ್ದು ಅವನಿಗೆ ಇನ್ನಷ್ಟು ಅನುಕೂಲವಾಯಿತು.

ಹಕ್ಕಿಗಳೆಲ್ಲ ಹಾರಿಹೋದ ಮೇಲೆ ಒಂದು ತಂಡ ಕ್ಯಾಮೆರಾ ಹಿಡಿದು ಬಂತು. ಚಮಚದಂಥ ಕೊಕ್ಕಿನ ಬಿಳಿ ಹಕ್ಕಿ ಕಾಣುತ್ತದೋ ಅಂದರು. ಇವನು “ಆಬ್ಸೊಲ್ಯೂಟ್ಲಿ” ಅಂದ. ಬಿಸಿಲಿದೆ, ಮೊದಲು ನೆರಳಲ್ಲಿ ಕೂರಿ ಅಂದ. ಚುರುಮುರಿ ಬಂತು, ಮಜ್ಜಿಗೆ ಬಂತು. ಹಕ್ಕಿ ಅಂದರು. ಆಬ್ಸೊಲ್ಯೂಟ್ಲಿ ಅಂದ, ಮನೆಗೆ ಕರೆದೊಯ್ದು ರೊಟ್ಟಿ ಊಟ ಹಾಕಿಸಿದ. ತಾಯಿ ಒಂದು ಕಥೆ ಹೇಳಿದಳು, ತಂದೆ ಎತ್ತು ತೋರಿಸಿದ. ಸಂಜೆಗೆ ಆ ಮಂದಿ ಕಣ್ಣು ತುಂಬಿಕೊಂಡು ಹೊರಟರು. ಹೋಗುವಾಗ ಒಬ್ಬರು, “ಮುಂದಿನ ವರ್ಷ ಹಕ್ಕಿ ಇದ್ದಾಗ ಬರ್ತೀವಿ” ಅಂದರು.

ಇವನಿಗೆ ಆತಂಕವಾಯಿತು. “ಹಕ್ಕಿ ಇದ್ದಾಗ ಬರಬ್ಯಾಡ್ರಿ ಸರ. ಆವಾಗ ಮಾತಾಡಾಕ ಟೈಮ ಸಿಗೂದಿಲ್ಲ.”

ಇದನ್ನು ಅವನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆಗೆದೆ. ಸದ್ದು ಬರಲಿಲ್ಲ.

ಮಾತಾಡಿಸಲು ಬಂದವರು

ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ಇಣುಕಿ ನೋಡಿ, ದನಿ ಬರುವ ಜಾಗದಲ್ಲಿ ಗಂಟು ಕಟ್ಟಿದೆ ಅಂದರು. ಮಾತು ಪೂರಾ ನಿಲ್ಲಿಸಿದರೆ ಕರಗಬಹುದು. ಕರಗದಿದ್ದರೆ ಆಪರೇಷನ್. ಆಪರೇಷನ್ ಆದ ಮೇಲೆ ದನಿ ಮೊದಲಿನ ಹಾಗೆ ಬಂದೇ ಬರುತ್ತದೆ ಅಂತ ಭರವಸೆ ಕೊಡಲಾರೆ ಅಂದರು. “ಕಂಪ್ಲೀಟ್ ರೆಸ್ಟ್. ಪಿಸುಮಾತೂ ಬೇಡ. ತಿರುಗಿ ತೋರಿಸುವ ತನಕ ಕಂಪ್ಲೀಟ್ಲಿ ಬಾಯಿ ಮುಚ್ಚಬೇಕು.”

ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಅಳುವುದಕ್ಕೂ ಸದ್ದು ಇರಲಿಲ್ಲ. ಮಾತು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ಯಜಮಾನರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಅಭ್ಯಾಸಬಲದಿಂದ ನಡುನಡುವೆ ಹೂಂ ಅನ್ನುತ್ತಿದ್ದರು.

ಸುದ್ದಿ ಹಬ್ಬಿತು. ನಮ್ಮ ಕಡೆ ಒಬ್ಬರಿಗೆ ಜಡ್ಡಾದರೆ ಮಾತಾಡಿಸಲು ಹೋಗಬೇಕು. ಹೋಗದಿದ್ದರೆ ಅದು ದೊಡ್ಡ ತಪ್ಪು. ಮಾತೇ ಆಡಬಾರದವಳನ್ನು ಮಾತಾಡಿಸಲು ನಾಲ್ಕು ತಾಲೂಕಿನ ಮಂದಿ ಬಂದರು. ಟಂಟಂ ಡ್ರೈವರ್ ಅಗಿಯಲು ಜ್ಯೇಷ್ಠಮಧುವಿನ ಬೇರು ತಂದ. ಕುಂಬಾರವಾಡದ ವೈನಿ ಅಪರೂಪದ ಆ ಬಸ್ಸು ಹಿಡಿದು ಕಾಡುಜೇನು ತಂದರು. ಅತ್ತಿವೇರಿಯ ರೈತ ಒಂದು ಚೀಲ ನಿಂಬೆಹಣ್ಣು ಹೊತ್ತು ತಂದ. ಹಳಿಯಾಳದ ಮಾಲೀಕರೂ ಅವರ ಹಿಂದಿನ ಮನೆಯವರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ, ಒಬ್ಬರ ಜೊತೆ ಒಬ್ಬರು ಮಾತಾಡದೆ, ನನ್ನನ್ನು ಮಾತಾಡಿಸಲು ಬಂದರು.

“ಹೆಂಗಾತ್ರಿ ಅಕ್ಕೋರ ಇದು? ಮಾತಾಡಬ್ಯಾಡ್ರಿ. ನೋವ ಐತೇನ್ರಿ? ಮಾತಾಡಬ್ಯಾಡ್ರಿ. ನಾ ಯಾರ ಗುರ್ತ ಸಿಕ್ತೇನ್ರಿ? ಮಾತಾಡಬ್ಯಾಡ್ರಿ.”

ಹೋಗಿದ್ದು ದನಿ, ನೆನಪಲ್ಲ ಅಂತ ನಾನು ಸ್ಲೇಟು ಪಾಟಿಯ ಮೇಲೆ ಬರೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬರುತ್ತಿತ್ತು. ನನ್ನ ಪರವಾಗಿ ಮಾತಾಡುವ ಹೊಣೆ ಯಜಮಾನರ ಮೇಲೆ ಬಿತ್ತು. ಇಷ್ಟು ವರ್ಷ ಹೂಂ ಅಂದ ಮನುಷ್ಯರಲ್ಲಿ ಇಷ್ಟು ಮಾತು ಎಲ್ಲಿತ್ತೋ ದೇವರೇ ಬಲ್ಲ.

“ಡಾಕ್ಟರ್ ಗಾಬರಿ ಆದ್ರು ನೋಡ್ರಿ,” ಅಂತ ಮೊದಲ ದಿನ ಶುರು ಮಾಡಿದರು. “ಇಷ್ಟು ಬಳಸಿದ ಗಂಟಲಾ ನಾ ನೋಡೇ ಇಲ್ಲ ಅಂದ್ರು.” ಎರಡನೇ ಗುಂಪು ಬರುವ ಹೊತ್ತಿಗೆ ಡಾಕ್ಟರು ತಮ್ಮ ಜೊತೆಯವರನ್ನೂ ಕರೆದು ತೋರಿಸಿದ್ದರು. ಆಮೇಲಿನ ಗುಂಪಿಗೆ ಅದು ಇನ್ನೂ ಬೆಳೆದಿತ್ತು. “ಡಾಕ್ಟರ್ ಕೇಳಿದ್ರು, ಇವರು ಸಂತ್ಯಾಗ ಬಳಿ ಮಾರ್ತಾರೇನ್ರಿ ಅಂತ!”

ಆ ಮಾತು ಡಾಕ್ಟರು ಆಡಿರಲಿಲ್ಲ. ಆಡಿದ್ದರೆ ನನಗೆ ಕೇಳಿಸುತ್ತಿತ್ತು, ನನ್ನ ಕಿವಿ ನೆಟ್ಟಗಿತ್ತು. ನಾನು ಪಾಟಿಯ ಮೇಲೆ ದೊಡ್ಡದಾಗಿ ‘ಸುಳ್ಳು’ ಅಂತ ಬರೆದು ಎತ್ತಿ ಹಿಡಿದೆ. ಯಜಮಾನರು ಅದನ್ನು ನಿಧಾನವಾಗಿ ನೋಡಿ, ಬಂದವರಿಗೆ, “ಚಹಾ ಕುಡದ ಹೋಗಬೇಕಂತ ಬರದಾಳ್ರಿ” ಅಂದು ಒಳಗೆ ಹೋಗಿ ಚಹಾ ಇಟ್ಟರು.

ಗಿರಣಿಯ ಕಲ್ಲು

ಕ್ಲಾಸು ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಟಂಟಂ ಡ್ರೈವರ್ ಬಂದು, “ನೀವು ಬರೇ ಕುಂದರ್ರಿ ಅಕ್ಕೋರ. ನೀವು ಕುಂತದ್ದು ನೋಡಿದ್ರ ನಮಗ ಇಂಗ್ಲಿಷ್ ಬರ್ತೈತಿ” ಅಂತ ಕರೆದುಕೊಂಡು ಹೋದ.

ಹೋಗಿ ಕೂತೆ. ಕೆಳಗೆ ಗಿರಣಿಯ ಸದ್ದು ಇರಲಿಲ್ಲ.

ಗಿರಣಿಯ ಮಾಲೀಕರು ಮಾತು ಕಮ್ಮಿಯ ಮನುಷ್ಯ, ಮುಖ ಸದಾ ಗಂಟು. ಏನಾಯಿತು ಅಂತ ಯಾರೋ ಕೇಳಿದ್ದಕ್ಕೆ, “ಕಲ್ಲ ಕಾದೈತಿ. ಆರ್ಲಿ ಅಂತ ಬಿಟ್ಟೇನಿ” ಅಂದರು. ಮರುದಿನವೂ ಕ್ಲಾಸಿನ ಹೊತ್ತಿಗೆ ಸರಿಯಾಗಿ ಕಲ್ಲು ಕಾಯಿತು. ಅದರ ಮರುದಿನವೂ. ಕ್ಲಾಸು ಮುಗಿದು ನಾವು ಇಳಿದ ಕೂಡಲೇ ತಣ್ಣಗಾಗಿ ತಿರುಗತೊಡಗುತ್ತಿತ್ತು. ಒಂದು ದಿನ ಕೆಳಗೆ ಹೋಗಿ ಕೈ ಮುಗಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. “ನನಗ್ಯಾಕ ಮುಗೀತೀರಿ, ಕಲ್ಲಿಗೆ ಮುಗೀರಿ” ಅಂತ ಹಿಟ್ಟು ಜಾಡಿಸುತ್ತ ಒಳಗೆ ಹೋದರು.

ಆದರೆ ಜೋಳದ ಡಬ್ಬಿ ಹಿಡಿದು ಬೀಸಿಸಲು ಬಂದ ಹೆಂಗಸರು ಏನು ಮಾಡಬೇಕು? ಕಲ್ಲು ಆರುವ ತನಕ ಮೆಟ್ಟಿಲ ಮೇಲೆ ಕೂತರು. ಮೆಟ್ಟಿಲಲ್ಲಿ ಬಿಸಿಲು ಅಂತ ಮೇಲೆ ಬಂದರು. ಡಬ್ಬಿಯನ್ನೇ ಸ್ಟೂಲು ಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂತು ಪಾಠ ಕೇಳತೊಡಗಿದರು. ಮಾತು ಬರುತ್ತಿದ್ದಾಗ ಇಲ್ಲದಷ್ಟು ವಿದ್ಯಾರ್ಥಿಗಳು ನನಗೆ ಮಾತು ಹೋದ ಮೇಲೆ ಆದರು.

ಡ್ರೈವರ್ ಬೋರ್ಡಿನ ಮುಂದೆ ನಿಂತು ನನ್ನ ಪಾಠವನ್ನೇ ಮಾಡಿದ. “ಗುಣ ಆಗೂದಕ್ಕ ಯಾವ ಪದ? ಕಂಪ್ಲೀಟ್ಲಿ. ಎಲ್ಲಾರೂ ಅನ್ನರಿ. ಅಕ್ಕೋರು ವಿಲ್ ಬಿ ಕಂಪ್ಲೀಟ್ಲಿ ಆಲ್ ರೈಟ್.”

ಇಡೀ ಕೋಣೆ ಅಂದಿತು. ಡಬ್ಬಿಯ ಮೇಲೆ ಕೂತವರೂ ಅಂದರು. ಒಬ್ಬೊಬ್ಬರ ಉಚ್ಚಾರ ಒಂದೊಂದು ದಿಕ್ಕಿಗೆ ಹೋಯಿತು. ನನಗೆ ಒಂದನ್ನೂ ತಿದ್ದಬೇಕು ಅನ್ನಿಸಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದನ್ನು ನೋಡಿದ ಹಿಂದಿನ ಸಾಲಿನ ಒಬ್ಬ ಅಜ್ಜಿ ಪಕ್ಕದವಳಿಗೆ ಅಂದಳು: “ಪಾಪ, ನಾವು ಭಾಳ ತಪ್ಪ ಹೇಳಿದ್ವಿ ಅಂತ ಕಾಣ್ತೈತಿ.”

ಬಾಯಿ ತೆಗೆದದ್ದು

ತಿರುಗಿ ಡಾಕ್ಟರಿಗೆ ತೋರಿಸುವ ದಿನ ಬಂತು. ಬಸ್ಸಿಗೆ ಹೋಗುತ್ತೇವೆ ಅಂದರೆ ಡ್ರೈವರ್ ಕೇಳಲಿಲ್ಲ. ತನ್ನ ಭಾವನ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ. ನಾನು, ಯಜಮಾನರು, ಅಷ್ಟೇ ಅಂದುಕೊಂಡು ಹತ್ತಿದೆ. ಒಳಗೆ ವೈನಿ, ಅತ್ತಿವೇರಿಯವನು, ಮೆಟ್ಟಿಲ ಹೆಂಗಸರು. ಹಳಿಯಾಳದಲ್ಲಿ ಅಂಗಡಿ ಮಾಲೀಕರೂ ಹಿಂದಿನ ಮನೆಯವರೂ ಕೈ ಮಾಡಿದರು. ಜಾಗ ಕಮ್ಮಿಯಿದ್ದುದರಿಂದ ಇಬ್ಬರನ್ನೂ ಒಂದೇ ಸೀಟಿನಲ್ಲಿ ಒತ್ತಿ ಕೂರಿಸಬೇಕಾಯಿತು. ಟಂಟಂನಲ್ಲಿ ಆ ಪ್ರವಾಸಿ ಕೇಳಿದ ಪ್ರಶ್ನೆ ನೆನಪಾಗಿ ನಾನು ಡ್ರೈವರನ ಕಡೆ ನೋಡಿದೆ. ಒಂದು ಕಾಲು ಹೊರಗಿತ್ತು. ಅವನು ಹಲ್ಲು ಬಿಟ್ಟು, “ಫುಲ್ಲಿ” ಅಂದ.

ದನಿ ಬಂದರೆ ಮೊದಲ ಮಾತು ಇವರಿಗೇ, ಇವರೆಲ್ಲರಿಗೂ ಕೃತಜ್ಞತೆ ಹೇಳುವ ಒಂದು ಒಳ್ಳೆಯ ಮಾತು ಅಂತ ಮನಸ್ಸಿನಲ್ಲೇ ಕಟ್ಟಿಕೊಂಡೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ದನಿ ಬಾರದಿದ್ದರೆ ಏನು ಅನ್ನುವುದನ್ನು ಯೋಚಿಸಲು ಧೈರ್ಯ ಇರಲಿಲ್ಲ.

ಡಾಕ್ಟರ ಕೋಣೆಯ ಬಾಗಿಲಲ್ಲಿ ನಮ್ಮ ಮಂದಿ ಒಬ್ಬರ ತಲೆಯ ಮೇಲೊಬ್ಬರು ಇಣುಕುತ್ತಿದ್ದರು. ನರ್ಸ್ ಬಾಗಿಲು ಮುಚ್ಚಲು ನೋಡಿದರು, ವೈನಿ ಅವರ ಕೈಗೆ ಒಂದು ಚಕ್ಕುಲಿ ಕೊಟ್ಟರು, ಬಾಗಿಲು ಹಾಗೇ ಉಳಿಯಿತು. ಡಾಕ್ಟರು ಗಂಟಲಿಗೆ ಬೆಳಕು ಹಾಕಿ ಬಹಳ ಹೊತ್ತು ನೋಡಿದರು. ಯಜಮಾನರು ಉಸಿರು ಹಿಡಿದು ನಿಂತಿದ್ದರು. ಅವತ್ತು ಅವರಿಗೆ ಹೂಂ ಅನ್ನಲೂ ದನಿ ಇರಲಿಲ್ಲ.

“ಗಂಟು ಕರಗಿದೆ,” ಅಂದರು ಡಾಕ್ಟರು. “ಎಲ್ಲಿ, ಏನಾದರೂ ಮಾತಾಡಿ. ಮೆಲ್ಲಗೆ.”

ನಾನು ಬಾಯಿ ತೆಗೆದೆ. ಕೃತಜ್ಞತೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ದೇವರಾಣೆ. ಆದರೆ ಅದರ ಹಿಂದೆ, ಅದಕ್ಕಿಂತ ಮೊದಲಿನಿಂದ ಕಾದು ಕೂತಿದ್ದ ಇನ್ನೊಂದು ಮಾತು ಅದನ್ನು ಪಕ್ಕಕ್ಕೆ ತಳ್ಳಿ ತಾನೇ ಹೊರಗೆ ಬಂತು. ಸ್ವಲ್ಪ ಗೊರಗೊರ, ಆದರೆ ನನ್ನದೇ ದನಿ.

“ಡಾಕ್ಟರ, ಇವರು ಸಂತ್ಯಾಗ ಬಳಿ ಮಾರ್ತಾರೇನು ಅಂತ ನೀವು ಖರೇನ ಕೇಳಿದ್ರೀ?”

ಡಾಕ್ಟರು ಗಾಬರಿಯಾಗಿ, “ನಾನಾ? ಇಲ್ಲವಲ್ಲ!” ಅಂದರು.

ನಾನು ಯಜಮಾನರ ಕಡೆ ತಿರುಗಿದೆ. ಬೈಯಲು ತಯಾರಾಗಿಯೇ ತಿರುಗಿದ್ದು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನ ಕ್ಲಾಸಿಗೆ ಒಂದು ದಿನವೂ ಬಂದು ಕೂತವರಲ್ಲ. ಬಾಗಿಲ ಮಂದಿಯ ಕಡೆ ಕೈ ಎತ್ತಿ, ಜನ್ಮದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ಕೂಗಿದರು: “ಮೈ ವೈಫ್ ಈಸ್ ಕಂಪ್ಲೀಟ್ಲಿ ಆಲ್ ರೈಟ್!”

ಪದ ಸರಿ, ಜಾಗ ಸರಿ. ತಿದ್ದಲು ಏನೂ ಇರಲಿಲ್ಲ. ಬಾಗಿಲಲ್ಲಿ ಒಂದೇ ಗದ್ದಲ. ವೈನಿ ದೇವರಿಗೆ ಕೈ ಮುಗಿದರು. ಹಳಿಯಾಳದ ಗೋಡೆಯವರಿಬ್ಬರೂ ಖುಷಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿ, ಆಮೇಲೆ ನೆನಪಾಗಿ ಬಿಟ್ಟರು. ನಾನು ಬೈಗುಳ ನುಂಗಿ, ಕಟ್ಟಿಟ್ಟ ಕೃತಜ್ಞತೆಯ ಮಾತನ್ನು ಈಗಲಾದರೂ ಹೇಳೋಣ ಅಂತ ಅವರೆಲ್ಲರ ಕಡೆ ತಿರುಗಿದೆ. ಡಾಕ್ಟರು ಕೈ ಅಡ್ಡ ಹಿಡಿದರು.

“ನೋಡಿ, ಗುಣವಾಗಿದೆ ನಿಜ. ಆದರೆ ಇನ್ನು ಮೇಲೆ ಮಾತು ಅರ್ಧಕ್ಕೆ ಅರ್ಧ ಕಡಿಮೆ ಮಾಡಬೇಕು.”

ಯಜಮಾನರು ಕಣ್ಣೊರೆಸಿಕೊಂಡು ಬಹಳ ಚಿಂತೆಯಿಂದ ಡಾಕ್ಟರನ್ನು ನೋಡಿದರು.

“ಅರ್ಧಾನ್ರಿ? ಡಾಕ್ಟರ, ಆಕಿ ಬಾಯಿ ಪೂರಾ ತೆಗದದ್ದು ನೋಡೇನಿ. ನಿಮ್ಮ ಉಪಕಾರದಿಂದ ಪೂರಾ ಮುಚ್ಚಿದ್ದೂ ನೋಡೇನಿ. ಅರ್ಧಾ ಮಾತ್ರ ನಮ್ಮನ್ಯಾಗ ಇನ್ನೂ ಯಾರೂ ನೋಡಿಲ್ರೀ.”